ಮಜ್ಜಿಗೆಯ ಜಾಡು ಹಿಡಿದು

ನಮ್ಮಲ್ಲಿ ‘ಯಾಕೆ’ ಎಂಬ ಪ್ರಶ್ನೆಯನ್ನು ಕೇಳುವುದು ಹೆಚ್ಚಾಗಿ ಬೈಯುವುದಕ್ಕೆ. ಯಾಕೆ ಲೇಟು, ಯಾಕೆ ಸಾರಿಗೆ ಉಪ್ಪು ಜಾಸ್ತಿ, ಯಾಕೆ ಮುಖ ಹೀಗಿದೆ. ಉತ್ತರ ಬೇಕೆಂದು ಯಾರೂ ಕೇಳುವುದಿಲ್ಲ. ಉತ್ತರ ಕೊಡಲು ಹೋದರೆ ಎದುರು ಮಾತಾಡುತ್ತಾನೆ ಎಂಬ ಬಿರುದು ಸಿಗುತ್ತದೆ. ಬಹಳ ಕಾಲ ಸಂಸಾರ ಮಾಡಿದವನ ಅನುಭವದ ಮಾತಿದು. ನಿಜವಾಗಿ ಏನನ್ನಾದರೂ ತಿಳಿದುಕೊಳ್ಳಬೇಕು ಎನಿಸಿದಾಗ ನಾವು ಕೇಳುವುದು ‘ಹೇಗಾಯ್ತು’ ಎಂದು. ಹಾಗೆ ಕೇಳಿದರೆ ಎದುರಿಗಿದ್ದವರು ಬೆಳಗಿನ ಕಾಫಿಯಿಂದ ಶುರುಮಾಡುತ್ತಾರೆ. ಈ ಎರಡು ಪ್ರಶ್ನೆಗಳ ವ್ಯತ್ಯಾಸವನ್ನು ನಾನು ಕೂದಲು ನರೆತ ಮೇಲೆ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿ ಕಷ್ಟಪಟ್ಟು ಕಲಿತೆ. ಕಲಿತದ್ದನ್ನು ಬಳಸಬಾರದ ಕಡೆ ಬಳಸಿದೆ. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ವಿಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಡಾಕ್ಟರೇಟ್ ಇಲ್ಲದೆಯೇ ಬಹಳ ವರ್ಷ ಸುಖವಾಗಿದ್ದೆ. ನನ್ನ ಕೈಯಲ್ಲಿ ಪಾಠ ಹೇಳಿಸಿಕೊಂಡವರೆಲ್ಲ ಡಾಕ್ಟರಾಗಿ ನನ್ನ ಪಕ್ಕದ ಕುರ್ಚಿಗೇ ಬಂದು ಕೂರತೊಡಗಿದ ಮೇಲೆ ಹೆಂಡತಿ, ‘ನೀವೂ ಒಂದು ಮಾಡ್ಕೊಂಡ್ಬಿಡಿ ಅತ್ಲಾಗೆ’ ಎಂದಳು, ನೋಯುವ ಹಲ್ಲು ಕೀಳಿಸಿಕೊಂಡುಬಿಡಿ ಎನ್ನುವ ಧ್ವನಿಯಲ್ಲಿ. ಹಾಗಾಗಿ ಉಲ್ಲಾಳದ ಕಡೆ ಹೋಗುವ ಸಿಟಿ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಇಳಿದು ರಿಜಿಸ್ಟರ್ ಮಾಡಿಸಿದೆ. ನನ್ನ ಗೈಡ್ ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಅವರು ನನ್ನನ್ನು ಸರ್ ಎನ್ನುತ್ತಾರೆ, ನಾನು ಅವರನ್ನು ಮೇಡಂ ಎನ್ನುತ್ತೇನೆ, ಒಬ್ಬರನ್ನು ಕಂಡರೆ ಇನ್ನೊಬ್ಬರು ಎದ್ದು ನಿಲ್ಲುತ್ತೇವೆ. ಆಮೇಲೆ ಕೂತು ಬೈಸಿಕೊಳ್ಳುತ್ತೇನೆ.

ಮಲ್ಲತ್ತಹಳ್ಳಿಯ ನಮ್ಮ ಬಡಾವಣೆಗೆ ಸಿಟಿ ಬಸ್ಸು ಹೇಗೆ ಬಂತು ಎನ್ನುವುದು ನನ್ನ ಸಂಶೋಧನೆಯ ವಿಷಯ. ನಗಬೇಡಿ, ಇದಕ್ಕಿಂತ ಸಣ್ಣ ವಿಷಯಗಳಿಗೂ ಡಾಕ್ಟರೇಟ್ ಬಂದಿದೆ. ಜನ ಸೇರಿ ಮನವಿ ಕೊಟ್ಟರು, ಬಸ್ಸು ಬಂತು ಎಂದು ಮೊದಲ ಅಧ್ಯಾಯವನ್ನು ಚೆಂದವಾಗಿ ಬರೆದುಕೊಂಡು ಹೋದೆ. ಮೇಡಂ ಓದಿ, ‘ಮನವಿ ಕೊಟ್ರು, ಸರಿ. ಬಸ್ ಬಂತು, ಅದೂ ಸರಿ. ಮಧ್ಯ ಏನಾಯ್ತು ಸರ್?’ ಎಂದರು. ನನಗೆ ಗೊತ್ತಿರಲಿಲ್ಲ. ಹಾಗೆ ನನ್ನ ತಲೆಯ ಮೇಲೆ ಬಂದು ಕೂತದ್ದು ಪ್ರೊಸೆಸ್ ಟ್ರೇಸಿಂಗ್ ಎಂಬ ವಿದ್ಯೆ. ನಡೆದುಹೋದ ಒಂದು ಸಂಗತಿಯ ಜಾಡು ಹಿಡಿದು ಹಿಂದಕ್ಕೆ ಹೋಗುವುದು. ಇದಾದ ಮೇಲೆ ಅದಾಯಿತು ಎಂದರೆ ಸಾಲದು, ಇದರಿಂದಲೇ ಅದಾಯಿತು ಎಂದು ಕೊಂಡಿ ಕೊಂಡಿಯಾಗಿ ತೋರಿಸಬೇಕು, ಪ್ರತಿ ಕೊಂಡಿಗೂ ಸಾಕ್ಷಿ ಒದಗಿಸಬೇಕು. ಆ ಸಾಕ್ಷಿಗಳಿಗೂ ತರಹೇವಾರಿ ಪರೀಕ್ಷೆಗಳು. ಒಂದರ ಹೆಸರು ಬಳೆಯ ಪರೀಕ್ಷೆ. ಸರ್ಕಸ್ಸಿನ ಹುಲಿ ತೂರುವಂಥ ಬಳೆ. ಕಳ್ಳತನವಾದಾಗ ಆರೋಪಿ ಊರಿನಲ್ಲೇ ಇರಲಿಲ್ಲವೋ, ಬಿಟ್ಟುಬಿಡಿ. ಇದ್ದನೋ, ಇದ್ದ ಮಾತ್ರಕ್ಕೆ ಕಳ್ಳನಾಗುವುದಿಲ್ಲ, ಅನುಮಾನ ಮಾತ್ರ ಉಳಿಯುತ್ತದೆ. ಇನ್ನೊಂದು ಹೊಗೆಯಾಡುವ ಬಂದೂಕಿನ ಪರೀಕ್ಷೆ. ಕೊಲೆಯಾದ ಕಡೆ ಆಗಷ್ಟೇ ಗುಂಡು ಹಾರಿಸಿದ ಬಂದೂಕು ಒಬ್ಬನ ಕೈಯಲ್ಲಿ ಸಿಕ್ಕಿತೋ, ಅಲ್ಲಿಗೆ ಕೇಸು ಮುಗಿಯಿತು. ಮೇಡಂ ಹೇಳುವಾಗ ಎಲ್ಲ ಅರ್ಥವಾದಂತೆ ತಲೆಯಾಡಿಸಿ, ಮನೆಗೆ ಬಂದು ಹೆಂಡತಿಗೆ ವಿವರಿಸಹೋಗಿ ಬಳೆಗೂ ಬಂದೂಕಿಗೂ ಅದಲುಬದಲು ಮಾಡಿಕೊಂಡೆ. ಅವಳು, ‘ಇದೇನ್ ಹೊಸದಾ? ತುಪ್ಪ ಯಾರು ಖಾಲಿ ಮಾಡಿದ್ರು ಅಂತ ನಿಮ್ಮಮ್ಮ ದಿನಾ ಇದನ್ನೇ ಮಾಡ್ತಿದ್ರು’ ಎಂದು ಒಳಗೆ ಹೋದಳು.

ಬಡಾವಣೆಯಲ್ಲಿ ಕೇಳುತ್ತ ಹೊರಟೆ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಕಾಫಿ ಕೊಟ್ಟು, ‘ನಾನೇ ತರ್ಸಿದ್ದು ಸಾರ್. ನನ್ ಮನವಿ ಓದಿ ಆ ಆಫೀಸರ್ ಎದ್ದು ನಿಂತ್ಬಿಟ್ಟ’ ಎಂದರು. ಗಣೇಶನ ಸಮಿತಿಯ ಅಧ್ಯಕ್ಷರು, ‘ಮನವಿ ಯಾವನ್ ಓದ್ತಾನೆ? ನಮ್ ಹುಡುಗ್ರು ರಸ್ತೇಲಿ ಕೂತ್ರು, ಬಸ್ ಬಂತು’ ಎಂದರು. ಮೂಲೆ ಮನೆಯ ಆಂಟಿಯಂತೂ, ‘ಅವರಿಬ್ರ ಮಾತು ನಂಬ್ಕೊಂಡು ಬರೀಬೇಡಿ. ನಾನು ಮೇನ್ ರೋಡಲ್ಲಿ ಡ್ರೈವರ್‌ಗೆ ಬಾಯಿಗ್ ಬಂದಂಗೆ ಬೈದೆ ನೋಡಿ, ಮುಂದಿನ್ ವಾರನೇ ಬಸ್ಸು’ ಎಂದು ಎದೆ ತಟ್ಟಿಕೊಂಡರು. ಇಡೀ ಬಡಾವಣೆಯಲ್ಲಿ ‘ನನ್ನಿಂದ ಏನೂ ಆಗಲಿಲ್ಲ, ನಾನು ಸುಮ್ಮನೆ ಹತ್ತಿ ಕೂತೆ’ ಎನ್ನುವ ಒಬ್ಬ ಮನುಷ್ಯ ಸಿಗಲಿಲ್ಲ. ನಾನು ಮೇಡಂ ಎದುರು ಅವರ ಧ್ವನಿಗಳನ್ನು ಅನುಕರಿಸಿ ನಗಿಸಿದೆ. ಸಂಶೋಧನೆಯಲ್ಲಿ ನನಗೆ ಅಲ್ಲಿಯವರೆಗೆ ಸಿಕ್ಕ ಫಲ ಅದೊಂದೇ.

ಹೀಗಿರುವಾಗ ರಾಜಾಜಿನಗರದಲ್ಲಿ ನಮ್ಮ ಭಾವ ತೀರಿಕೊಂಡರು. ಅಕ್ಕನ ಗಂಡ. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ಲೇತ್ ಮಷೀನಿನ ಮುಂದೆ ನಿಂತು ನಿವೃತ್ತರಾದವರು. ನನಗೆ ಸೈಕಲ್ ಕಲಿಸಿದವರು, ಕಲಿಸುವಾಗ ಹಿಂದೆ ಹಿಡಿದುಕೊಂಡಿದ್ದೇನೆ ಎಂದು ಸುಳ್ಳು ಹೇಳಿ ಕೈಬಿಟ್ಟವರು. ನನಗೆ ಅವರೆಂದರೆ ಬಹಳ ಪ್ರೀತಿ. ಇದ್ದಾಗ ಹೇಳಿದ್ದರೆ ‘ಹುಷಾರಾಗಿದೀಯೇನೋ?’ ಎಂದು ಹಣೆ ಮುಟ್ಟಿ ನೋಡುತ್ತಿದ್ದರು. ಹಾಗಾಗಿ ಹೇಳಲಿಲ್ಲ, ಈಗ ಇಲ್ಲಿ ಬರೆಯುತ್ತಿದ್ದೇನೆ. ಆ ದಿನ ಮಧ್ಯಾಹ್ನ ಊಟವಾದ ಮೇಲೆ ಎದೆ ಹಿಡಿದುಕೊಂಡ ಹಾಗಾಗುತ್ತಿದೆ ಎಂದರಂತೆ. ನಮ್ಮ ಜನಕ್ಕೆ ಕುತ್ತಿಗೆಯ ಕೆಳಗೆ, ಸೊಂಟದ ಮೇಲೆ ಏನೇ ಆದರೂ ಅದು ಗ್ಯಾಸ್ಟ್ರಿಕ್. ‘ಗ್ಯಾಸ್ಟ್ರಿಕ್ ಕಣೇ, ಒಂಚೂರು ಮಜ್ಜಿಗೆ ಮಾಡ್ಕೊಡು’ ಎಂದರು. ಅಕ್ಕ ಇಂಗು, ಶುಂಠಿ ಹಾಕಿ ಒಂದು ಲೋಟ ಮಾಡಿಕೊಟ್ಟಳು. ಕುಡಿದು ಮಲಗಿದರು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರಿತು. ಅಕ್ಕ ಅಕ್ಕಪಕ್ಕದವರನ್ನು ಕೂಗಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಾವಿನ ಮನೆಗೆ ಮಾತಾಡಿಸಲು ಬರುವವರ ಕ್ರಮ ನಿಮಗೆ ಗೊತ್ತೇ ಇದೆ. ಬಂದು ಸ್ವಲ್ಪ ಹೊತ್ತು ನೆಲ ನೋಡುತ್ತ ಕೂರುತ್ತಾರೆ. ಆಮೇಲೆ ತಲೆಯೆತ್ತಿ ‘ಹೇಗಾಯ್ತು?’ ಎನ್ನುತ್ತಾರೆ. ಅಕ್ಕ ಮೊದಲಿನಿಂದ ಹೇಳುತ್ತಾಳೆ. ಬೆಳಿಗ್ಗೆ ಹೂವು ತಂದದ್ದು, ಪೇಪರು ಓದಿದ್ದು, ಹುರುಳಿಕಾಯಿ ಪಲ್ಯಕ್ಕೆ ಉಪ್ಪು ಕಡಿಮೆ ಎಂದದ್ದು, ಎದೆ, ಮಜ್ಜಿಗೆ, ಬೆವರು, ಆಟೋ. ಮೊದಲ ದಿನ ಕೇಳುತ್ತಿದ್ದಾಗ ನನಗೆ ನಾಚಿಕೆಯಿಲ್ಲದೆ ಮೇಡಂ ನೆನಪಾದರು. ಕೊಂಡಿ ಕೊಂಡಿಯಾಗಿ ಹೇಳುವುದೆಂದರೆ ಇದಲ್ಲವೇ ಎನಿಸಿತು. ಬಂದವರು ಕೇಳಿ ಸುಮ್ಮನಿರುತ್ತಾರೆಯೇ? ‘ಛೇ, ಹೋದ್ ತಿಂಗಳೇ ಒಂದು ಇಸಿಜಿ ಮಾಡ್ಸಿದ್ರೆ’ ಎನ್ನುವವರೊಬ್ಬರು. ‘ಮೆಟ್ರೋ ಮೆಟ್ಟಿಲು ಹತ್ತೋದು ಬಿಡಿಸ್ಬೇಕಿತ್ತು’ ಎನ್ನುವವರೊಬ್ಬರು. ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನುವ ಹಾಗಿಲ್ಲವಲ್ಲ, ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆ. ಅವರು ಹೇಳಿದ ಮಾತುಗಳು ಮನೆಯಲ್ಲೇ ಉಳಿಯುತ್ತವೆ.

ಕೆಂಗೇರಿಯಿಂದ ಬಂದ ನಮ್ಮ ಸೋದರತ್ತೆ ಎಲ್ಲ ಕೇಳಿಕೊಂಡು, ಕಣ್ಣೊರೆಸಿಕೊಂಡು, ‘ಮಜ್ಜಿಗೆ ಯಾಕ್ ಕೊಟ್ಯೇ? ಶೀತ ಅಲ್ವಾ ಅದು? ಎದೆ ನೋವು ಅಂದೋರ್ಗೆ ಬಿಸ್ನೀರ್ ಕೊಡೋದ್ ಬಿಟ್ಟು’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅತ್ತೆಗೆ ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲೇ ಇಲ್ಲ. ಆದರೆ ಅಂದಿನಿಂದ ಅಕ್ಕನ ಕಥೆ ಬದಲಾಯಿತು. ಒಂದೇ ಮಾತಿನಲ್ಲಿ ಮುಗಿಯುತ್ತಿದ್ದ ಮಜ್ಜಿಗೆಯ ಹತ್ತಿರ ಬಂದಾಗ ಅವಳು ತಡೆದು ನಿಲ್ಲತೊಡಗಿದಳು. ಆಮೇಲಾಮೇಲೆ ಹೂವೂ ಇಲ್ಲ, ಪೇಪರೂ ಇಲ್ಲ, ಯಾರಾದರೂ ಹೇಗಾಯ್ತು ಎಂದರೆ ‘ನಾನು ಮಜ್ಜಿಗೆ ಕೊಟ್ಬಿಟ್ಟೆ’ ಎಂದೇ ಶುರುಮಾಡುತ್ತಿದ್ದಳು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನಿಲ್ಲಿಸಿದಳು. ಮೈಸೂರಿನಲ್ಲಿರುವ ಮಗಳು ‘ಬಾಮ್ಮ, ನಮ್ಮನೇಲಿರು’ ಎಂದು ಕರೆದರೆ, ‘ನಿನ್ ಗಂಡ ಮಕ್ಕಳಿಗೆ ನನ್ ಕೈಲಿ ಏನೂ ಮಾಡ್ಕೊಡ್ಸ್ಬೇಡ ಕಣೇ’ ಎಂದಳಂತೆ. ಮಗಳು ನನಗೆ ಫೋನ್ ಮಾಡಿ ಅತ್ತಳು.

ಆಗ ನನಗೆ ನನ್ನ ವಿದ್ಯೆ ನೆನಪಾಯಿತು. ಒಂದು ಬಸ್ಸಿನ ಬೆನ್ನು ಹತ್ತಿ ಇಷ್ಟು ಅಲೆದವನು ಒಂದು ಲೋಟ ಮಜ್ಜಿಗೆಯನ್ನು ಬಿಡುಗಡೆ ಮಾಡಿಸಲಾರೆನೇ? ಅಕ್ಕ ಗಂಡನನ್ನು ತಾನೇ ಕೊಂದೆ ಎಂದುಕೊಂಡು ಕೂತಿರುವಾಗ ಇದು ಉಪಯೋಗಕ್ಕೆ ಬಾರದಿದ್ದರೆ ಇನ್ಯಾವಾಗ ಬರಬೇಕು? ಆಸ್ಪತ್ರೆಗೆ ಹೋಗಿ ಆ ದಿನ ಭಾವನನ್ನು ನೋಡಿದ ಡಾಕ್ಟರನ್ನು ಹುಡುಕಿ ಹಿಡಿದೆ. ‘ಮಜ್ಜಿಗೆಗೂ ಇದಕ್ಕೂ ಏನೂ ಸಂಬಂಧ ಇಲ್ಲ ಸಾರ್. ಶೀತಾನೂ ಇಲ್ಲ ಎಂಥದೂ ಇಲ್ಲ. ದೊಡ್ಡ ಅಟ್ಯಾಕ್ ಅದು’ ಎಂದರು. ‘ಬೇಗ ಬಂದಿದ್ರೆ?’ ಎಂದೆ. ‘ಬೇಗ ಬಂದ್ರೆ ಯಾವಾಗ್ಲೂ ಒಳ್ಳೇದೇ’ ಎಂದು ಇನ್ನೊಬ್ಬ ರೋಗಿಯ ಕಡೆ ತಿರುಗಿದರು. ಈ ಎರಡನೇ ಮಾತು ನನಗೆ ಬೇಕಿರಲಿಲ್ಲ, ಸಿಕ್ಕಿತು. ಮಜ್ಜಿಗೆ ನಿರ್ದೋಷಿ ಸರಿ, ಹಾಗಾದರೆ ತಡವಾದದ್ದು ಯಾರಿಂದ ಎಂಬ ಪ್ರಶ್ನೆ ಬಂದು ಕೂತಿತು.

ಅಕ್ಕನ ಮನೆಯ ಮೇಲಿನ ಬಾಡಿಗೆ ಮನೆಯ ಆಂಟಿಯನ್ನು ಮಾತಿಗೆಳೆದೆ. ಆ ಮಧ್ಯಾಹ್ನ ಅವರು ಮೆಟ್ಟಿಲ ಹತ್ತಿರ ಬಟ್ಟೆ ಒಣಗಿಸುತ್ತಿದ್ದರಂತೆ. ‘ನಿಮ್ಮಕ್ಕ ಆಗ್ಲೇ ಹೇಳಿದ್ರಪ್ಪ, ಡಾಕ್ಟ್ರ ಹತ್ರ ಹೋಗೋಣ ಬನ್ನಿ ಅಂತ. ಗ್ಯಾಸ್ಟ್ರಿಕ್ಕಿಗೆಲ್ಲ ಯಾರೇ ಆಸ್ಪತ್ರೆಗೆ ಹೋಗ್ತಾರೆ, ಸುಮ್ನಿರು ಅಂತ ನಿಮ್ ಭಾವನೇ ಗದರಿದ್ರು. ನಂಗೆ ಕೇಳಿಸ್ತು’ ಎಂದರು. ಅಷ್ಟು ಜನರಿಗೆ ಕೊಂಡಿ ಕೊಂಡಿಯಾಗಿ ಹೇಳಿದ ಅಕ್ಕ ಈ ಒಂದು ಕೊಂಡಿಯನ್ನು ಯಾರಿಗೂ ಹೇಳಿರಲಿಲ್ಲ. ಹೊಗೆಯಾಡುವ ಬಂದೂಕು ನನ್ನ ಕೈಗೆ ಬಂದಿತ್ತು, ಅಕ್ಕ ಖುಲಾಸೆಯಾಗಿದ್ದಳು. ನನಗೆ ಸಂತೋಷವಾಯಿತು ಎಂದು ಹೇಳಬೇಕಾಗಿದೆ. ಭಾವ ಹೇಗೆ ಸತ್ತರು ಎಂಬುದಕ್ಕೆ ಸಾಕ್ಷಿ ಸಿಕ್ಕಿತೆಂದು ಸಂತೋಷಪಟ್ಟು ಮೆಟ್ಟಿಲಿಳಿದ ಮನುಷ್ಯ ನಾನು.

ಅಕ್ಕ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ಡಾಕ್ಟರು ಹೇಳಿದ ಮೊದಲ ಮಾತನ್ನು ಹೇಳಿದೆ, ಎರಡನೆಯದನ್ನು ನುಂಗಿಕೊಂಡೆ. ‘ನಿನ್ನದೇನೂ ತಪ್ಪಿಲ್ಲ ಅಕ್ಕ. ನೀನು ಆಗ್ಲೇ ಆಸ್ಪತ್ರೆಗೆ ಹೋಗೋಣ ಅಂದಿದ್ದೆ. ಭಾವನೇ ಬೇಡ ಅಂದ್ರು. ಮೇಲಿನ್ಮನೆ ಆಂಟಿ ಕೇಳಿಸ್ಕೊಂಡಿದಾರೆ’ ಎಂದೆ. ಅವಳ ಮುಖ ಅರಳುತ್ತದೆ ಎಂದು ಕಾದೆ.

ಅಕ್ಕ ಸೊಪ್ಪನ್ನು ಕೆಳಗಿಟ್ಟಳು. ‘ಅವಳ ಹತ್ರ ಯಾಕೋ ಕೇಳೋಕ್ ಹೋದೆ?’

‘ನಿಜ ಗೊತ್ತಾಗ್ಲಿ ಅಂತ.’

‘ನಂಗೆ ಗೊತ್ತಿರ್ಲಿಲ್ವಾ? ನಾನೇ ಅಲ್ವೇನೋ ಅಲ್ಲಿದ್ದೋಳು? ಅವರೇ ಬೇಡ ಅಂದ್ರು, ಅವರದ್ದೇ ತಪ್ಪು ಅಂತ ಬಂದೋರಿಗೆಲ್ಲ ಹೇಳ್ಕೊಂಡ್ ಕೂತ್ಕೊಳ್ಲಾ? ಹೋದೋರ ಮೇಲೆ ಹಾಕೋದು ಸುಲಭ ಕಣೋ ಶಿವು, ಅವ್ರು ತಿರುಗಿ ಮಾತಾಡಲ್ಲ.’

ಅವಳು ಮತ್ತೆ ಸೊಪ್ಪು ಕೈಗೆತ್ತಿಕೊಂಡಳು. ಆಮೇಲೆ, ನನಗೆ ಎನ್ನುವುದಕ್ಕಿಂತ ತನಗೇ ಹೇಳಿಕೊಳ್ಳುವ ಹಾಗೆ, ‘ಮಜ್ಜಿಗೇನೂ ಏನೂ ಮಾಡ್ಲಿಲ್ಲ ಅಂತೀಯ. ಅಷ್ಟು ವರ್ಷ ಜೊತೇಲಿದ್ದು, ಆವತ್ತು ನಾನು ಅವ್ರಿಗೆ ಮಾಡಿದ್ದಾದ್ರೂ ಏನು ಹಾಗಾದ್ರೆ?’ ಎಂದಳು.

ಬಸ್ಸಿನಲ್ಲಿ ಮಲ್ಲತ್ತಹಳ್ಳಿಗೆ ವಾಪಸಾಗುವಾಗ ದಾರಿಯುದ್ದಕ್ಕೂ ನನ್ನ ಮೇಲೇ ಸಿಟ್ಟು ಬಂತು. ನನ್ನಿಂದಲೇ ಆಯಿತು ಎನ್ನುವವರನ್ನು ಆಡಿಕೊಂಡು ನಕ್ಕವನಿಗೆ, ನಿನ್ನಿಂದ ಏನೂ ಆಗಲಿಲ್ಲ ಎನ್ನುವ ಮಾತು ಎಷ್ಟು ಕ್ರೂರ ಎಂದು ಹೊಳೆದಿರಲಿಲ್ಲ. ಅಕ್ಕನ ಕೈಯಲ್ಲಿ ಉಳಿದಿದ್ದದ್ದು ಆ ಒಂದು ಲೋಟ. ಅದು ವಿಷವಾದರೂ ಸರಿ, ತನ್ನದಾಗಿರಲಿ ಎಂದು ಹಿಡಿದುಕೊಂಡಿದ್ದಳು. ನಾನು ಅದನ್ನು ಬರೀ ನೀರು ಎಂದು ಸಾಬೀತು ಮಾಡಿ ಬಂದಿದ್ದೆ.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದಾಗ ಉಲ್ಲಾಳದ ಚಿಕ್ಕಣ್ಣ ಬಂದು ಕೂತಿದ್ದರು. ಭಾವನ ಪಕ್ಕದ ಮಷೀನಿನಲ್ಲಿ ಕೆಲಸ ಮಾಡುತ್ತಿದ್ದವರು. ಊರಲ್ಲಿರಲಿಲ್ಲವಂತೆ, ಸುದ್ದಿ ತಡವಾಗಿ ಗೊತ್ತಾಗಿ ಓಡಿಬಂದಿದ್ದರು. ನೆಲ ನೋಡಿದ್ದಾಯಿತು, ತಲೆಯೆತ್ತಿದ್ದಾಯಿತು. ‘ಹೆಂಗಾಯ್ತು ಅತ್ತಿಗೆ?’ ಎಂದರು. ‘ನಾನು ಮಜ್ಜಿಗೆ ಕೊಟ್ಬಿಟ್ಟೆ’ ಎಂದು ಅಕ್ಕ ಶುರುಮಾಡಿ ಅಲ್ಲೇ ನಿಂತಳು. ಚಿಕ್ಕಣ್ಣ ಬಾಯಿ ತೆರೆದರು. ಇವರೂ ಶೀತ ಎನ್ನುತ್ತಾರೋ ಏನೋ ಎಂದು ನನಗೆ ಭಯವಾಯಿತು. ಅವರಿಗಿಂತ ಮೊದಲು ನನ್ನ ಬಾಯಿಂದ ಮಾತು ಹೊರಬಿತ್ತು: ‘ಕುಡಿದು ಇನ್ನೊಂದ್ ಲೋಟ ಕೇಳಿದ್ರಂತೆ.’

ಹಾಗೆ ಯಾರೂ ನನಗೆ ಹೇಳಿರಲಿಲ್ಲ. ಅದು ಎಲ್ಲಿಂದ ಬಂತೋ ನನಗೂ ತಿಳಿಯದು. ಭಾವ ಜನ್ಮದಲ್ಲಿ ಯಾವ ಅಡುಗೆಯನ್ನೂ ಹೊಗಳಿದವರಲ್ಲ. ಹಿಡಿಸಿದರೆ ಇನ್ನೊಂದು ಸಲ ಹಾಕಿಸಿಕೊಳ್ಳುತ್ತಿದ್ದರು, ಅಷ್ಟೇ. ಚಿಕ್ಕಣ್ಣನ ಮುಖ ಸಡಿಲವಾಯಿತು. ‘ಕೇಳ್ದೆ ಇರ್ತಾನಾ! ಅತ್ತಿಗೆ ಕಳ್ಸಿದ್ ಡಬ್ಬಿನ ನಮ್ಗೆ ಮುಟ್ಟಕ್ಕೂ ಬಿಡ್ತಿರ್ಲಿಲ್ಲ ಸಾರ್. ಒಂದ್ ತುತ್ತು ಕೇಳಿದ್ರೆ, ನಿಮ್ಮನೇಲ್ ಮಾಡಕ್ಕಿಲ್ವಾ ಅನ್ನೋನು’ ಎಂದು ನಗುತ್ತ ನಗುತ್ತ ಅತ್ತುಬಿಟ್ಟರು. ಭಾವ ಹೋದ ಮೇಲೆ ಆ ಮನೆಯಲ್ಲಿ ಅವರು ಸತ್ತದ್ದನ್ನು ಬಿಟ್ಟು ಉಂಡದ್ದರ ಬಗ್ಗೆ ಮಾತಾಡಿದ್ದು ಅದೇ ಮೊದಲು. ಅಕ್ಕ ನನ್ನನ್ನು ಒಂದು ಸಲ ನೋಡಿದಳು. ನಾನು ತಲೆ ತಗ್ಗಿಸಿದೆ. ಸಿಕ್ಕಿಬಿದ್ದೆ ಎಂದುಕೊಂಡೆ. ಆಮೇಲೆ ಅವಳ ಧ್ವನಿ ಕೇಳಿಸಿತು: ‘ಹ್ಞೂಂ. ಕೇಳಿದ್ರು.’

ಆ ಲೋಟ ಅಲ್ಲಿಗೆ ನಿಲ್ಲಲಿಲ್ಲ. ಬಂದವರಿಗೆಲ್ಲ ಅಕ್ಕ ಅದನ್ನು ಹೇಳಿದಳು, ಕೇಳಿದವರು ಬೇರೆಯವರಿಗೆ ಹೇಳಿದರು. ಬಸವೇಶ್ವರನಗರದ ಒಂದು ಗೃಹಪ್ರವೇಶದಲ್ಲಿ ಕೆಂಗೇರಿ ಅತ್ತೆ ನನ್ನ ಎಲೆಯ ಪಕ್ಕವೇ ಕೂತು, ‘ನಿಮ್ ಭಾವ ಪುಣ್ಯವಂತ ಬಿಡೋ. ಹೆಂಡ್ತಿ ಕೈಯಿಂದ ಕೇಳಿ ಕೇಳಿ ಮಜ್ಜಿಗೆ ಇಸ್ಕೊಂಡ್ ಕುಡ್ದು ಹೋದ. ಇಂಗು ಇನ್ನೊಂಚೂರ್ ಹಾಕು ಅಂದ್ನಂತೆ’ ಎಂದರು. ಇಂಗಿನ ಮಾತು ನಾನು ಹೇಳಿದ್ದಲ್ಲ. ಶೀತದ ಮಾತು ಅತ್ತೆಗೆ ನೆನಪೇ ಇರಲಿಲ್ಲ. ಅಕ್ಕ ಮತ್ತೆ ಹಾಲಿಗೆ ಹೆಪ್ಪು ಹಾಕುತ್ತಿದ್ದಾಳೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಇತ್ತ ಮೇಡಂ ಬಸ್ಸಿನ ಅಧ್ಯಾಯ ನೋಡುತ್ತ, ‘ಎಲ್ಲಾರೂ ಒಂದೇ ಮಾತು ಹೇಳಿದ್ರೆ ಅದು ನಿಜ ಅಂತಲ್ಲ ಸರ್. ಆ ಮಾತು ಮೊದಲು ಯಾರ ಬಾಯಿಂದ ಹೊರಡ್ತು ಅಂತ ನೋಡ್ಬೇಕು’ ಎಂದಾಗ ನನಗೆ ಕೆಮ್ಮು ಬಂತು. ಅವರೇ ಎದ್ದು ನೀರು ತಂದುಕೊಟ್ಟರು.

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಕೇಳಲು ಬರುವವರೆಲ್ಲ ಬಂದು ಮುಗಿದಿದ್ದಾರೆ. ಮನೆ ಬಹಳ ದೊಡ್ಡದಾಗಿ ಕಾಣುತ್ತಿತ್ತು. ಇಬ್ಬರೂ ಬಾಗಿಲ ಹತ್ತಿರ ಕೂತು ರಸ್ತೆ ನೋಡುತ್ತಿದ್ದೆವು.

‘ಶಿವು, ಒಂದ್ ಮಾತು ಕೇಳ್ಲಾ?’ ಎಂದಳು ಅಕ್ಕ.

‘ಕೇಳು.’

‘ಆ ಇನ್ನೊಂದ್ ಲೋಟ, ನಾನು ಕೊಟ್ನಾ?’

ನನಗೆ ತಕ್ಷಣ ಅರ್ಥವಾಗಲಿಲ್ಲ.

‘ಅವ್ರು ಕೇಳಿದ್ರು ಅಂದೆ. ನಾನು ಮಾಡ್ಕೊಟ್ನೋ, ಇಲ್ಲ ಸಾಕು ಮಲ್ಕೊಳ್ಳಿ ಅಂದ್ನೋ, ಅದನ್ನ ನೀನು ಹೇಳ್ಲೇ ಇಲ್ಲ.’

ಆ ಮಧ್ಯಾಹ್ನ ಆ ಮನೆಯಲ್ಲಿದ್ದವರು ಇಬ್ಬರೇ. ಒಬ್ಬರು ಹೋದರು, ಇನ್ನೊಬ್ಬಳು ಇಲ್ಲಿ ಕೂತು ನನ್ನನ್ನು ಕೇಳುತ್ತಿದ್ದಾಳೆ. ನಾನಾದರೋ ಆ ಹೊತ್ತಿನಲ್ಲಿ ವಿಜಯನಗರದಲ್ಲಿ ಕಾಲೇಜು ಮಕ್ಕಳಿಗೆ ಸಂವಿಧಾನ ಹೇಳಿಕೊಡುತ್ತಿದ್ದೆ.

‘ಕೊಟ್ಟೆ ಅಕ್ಕ’ ಎಂದೆ.

‘ಪೂರ್ತಿ ಕುಡಿದ್ರಾ?’

‘ಪೂರ್ತಿ.’

‘ಸದ್ಯ’ ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಕ್ಕೆ ಸಾಕ್ಷಿ ಏನು ಎಂದು ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಎಲ್ಲಿಂದಾದರೂ ತಂದುಕೊಡುತ್ತಿದ್ದೆ. ಡಾಕ್ಟರೇಟಿಗೆ ನಾನು ನಾಲಾಯಕ್ಕು ಎಂಬುದು ಮೇಡಂಗೆ ಇನ್ನೂ ತಿಳಿದಿಲ್ಲ.